ಕಿರುಮನೆಯ ಸೊಬಗು: ಹೊಸೂರು ಸೀಮೆಯಿಂದ ಒಂದು ಅವಲೋಕನ

ಇಂಗ್ಲಿಷಿನ 'ಕಾಟೇಜ್' ಎಂಬ ಪದ ಇಂದು ನಮ್ಮ ಹಳ್ಳಿಗರ ನಾಲಗೆಯ ಮೇಲೂ ಸಲೀಸಾಗಿ ಹೊರಳುತ್ತದೆ. ಅದನ್ನು ಕನ್ನಡಿಸಹೊರಟರೆ ಮಾತ್ರ ತೊಡಕು. ಕುಟೀರವೆಂದರೆ ಋಷಿಗಳ ಆಶ್ರಮ ಕಣ್ಣಮುಂದೆ ಬರುತ್ತದೆ. ಗುಡಿಸಲೆಂದರೆ ಬಡತನ ಕಣ್ಣಿಗೆ ಕಟ್ಟುತ್ತದೆ. ಗುಡಿ, ಗುಡಿಸಲು ಎಂಬೆರಡೂ ಒಂದೇ ಬೇರಿನಿಂದ ಚಿಗುರಿದವು ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ. ದೇವರ ಮನೆಗೂ ಬಡವನ ಮನೆಗೂ ನಮ್ಮ ಹಿರಿಯರು ಒಂದೇ ಬೇರಿನ ಪದವನ್ನು ಸಾಕೆಂದುಕೊಂಡರು. ಈ ಲೇಖನದಲ್ಲಿ ನಾವು 'ಕಿರುಮನೆ' ಎಂಬ ಮಾತನ್ನು ಬಳಸುತ್ತೇವೆ. ಕಿರುಮನೆಯ ಮೇಲಿನ ಮೋಹ ಯಾರದು, ಅದರಲ್ಲಿ ಬಾಳಿದವರು ಯಾರು ಎಂಬುದನ್ನು ನಮ್ಮ ಸೀಮೆಯ ಇತಿಹಾಸದಲ್ಲಿ ಹುಡುಕುವುದು ನಮ್ಮ ಉದ್ದೇಶ.

ಮೋಹದ ಕಥೆ ಹೊರಗಿನಿಂದಲೇ ಆರಂಭವಾಗುತ್ತದೆ. ಫ್ರಾನ್ಸಿನ ರಾಣಿ ಮಾರಿ ಆಂತ್ವಾನೆತ್ 1783ರಲ್ಲಿ ವರ್ಸೇಯ್ ಅರಮನೆಯ ತೋಟದೊಳಗೆ ಒಂದು ಸುಳ್ಳು ಹಳ್ಳಿಯನ್ನು ಕಟ್ಟಿಸಲು ಕೈಹಾಕಿದಳು. ಅಲ್ಲಿ ಹುಲ್ಲುಮಾಡಿನ ಮನೆಗಳಿದ್ದವು, ಹಾಲಿನ ಮನೆಯಿತ್ತು, ಗಿರಣಿಯಿತ್ತು. ಹೊಸ ಗೋಡೆಗಳು ಹಳೆಯವೆಂದು ತೋರಲೆಂದು ಅವುಗಳ ಮೇಲೆ ಬಿರುಕುಗಳನ್ನು ಬಣ್ಣದಿಂದ ಬರೆಯಿಸಿದರಂತೆ! ಇಂಗ್ಲೆಂಡಿನಲ್ಲಿ 1811ರ ಸುಮಾರಿಗೆ ಒಬ್ಬ ಬ್ಯಾಂಕುದಾರನು ಬ್ರಿಸ್ಟಲ್ ಬಳಿಯ ಬ್ಲೇಸ್ ಹ್ಯಾಮ್ಲೆಟ್‌ನಲ್ಲಿ, ಮುಪ್ಪಾದ ತನ್ನ ಸೇವಕರಿಗಾಗಿ, ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿಯಿಂದ ಒಂಬತ್ತು ಅಂದದ ಕಿರುಮನೆಗಳನ್ನು ಕಟ್ಟಿಸಿದನು. ಅದೇ ಕಾಲದಲ್ಲಿ ಆ ದೇಶದ ಗೋಮಾಳಗಳಿಗೆ ಬೇಲಿ ಬಿದ್ದು, ನಿಜವಾದ ಕಿರುಮನೆಗಳ ರೈತರು ಊರು ಬಿಡುತ್ತಿದ್ದರು. ಮನೆ ಬರಿದಾಗುವ ಹೊತ್ತಿಗೇ ಅದರ ಚೆಲುವು ಸಿರಿವಂತರ ಕಣ್ಣಿಗೆ ಬಿದ್ದುದು ಗಮನಿಸತಕ್ಕ ಸಂಗತಿ.

ಈ ಮೋಹವನ್ನು ಹೊತ್ತವರೇ ನಮ್ಮ ಸೀಮೆಗೂ ಬಂದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಕಂಪನಿಯ ಪಾಲಾಯಿತು. ಟಿಪ್ಪು ಸುಲ್ತಾನನು ಮಡಿದ 1799ರಲ್ಲಿ ಘಟ್ಟದ ಮೇಲಿನ ಹೊಸೂರು ಸೀಮೆಯೂ ಸೇರಿತು. ಅಲೆಕ್ಸಾಂಡರ್ ರೀಡನ ಸಹಾಯಕನಾಗಿ ಬಂದ ಥಾಮಸ್ ಮನ್ರೋ ಏಳು ವರ್ಷ ಈ ನಾಡಿನಲ್ಲಿ ಭೂಮಿ ಅಳೆಯಿಸುತ್ತ, ರೈತರೊಡನೆ ಮಾತನಾಡುತ್ತ ಕಳೆದನು. ರೈತವಾರಿ ಪದ್ಧತಿಯ ಮೊದಲ ಪಾಠಗಳನ್ನು ಅವನು ಕಲಿತದ್ದು ಇಲ್ಲಿಯೇ. ಧರ್ಮಪುರಿಯಲ್ಲಿ ಅವನು ತಾನೇ ಒಂದು ತೋಟವನ್ನು ಬೆಳೆಸಿಕೊಂಡಿದ್ದನು. 1799ರಲ್ಲಿ ಕೆನರಾ ಜಿಲ್ಲೆಗೆ ವರ್ಗವಾದಾಗ, ಅಲ್ಲಿಯ ಬಿಡದ ಮಳೆಯಲ್ಲಿ ಕುಳಿತು ಬಾರಾಮಹಲಿಗಾಗಿ ಹಂಬಲಿಸಿದ್ದು ಅವನ ಪತ್ರಗಳಲ್ಲಿ ಕಾಣುತ್ತದೆ. ಮುಂದೆ 1820ರಲ್ಲಿ ಮದರಾಸಿನ ಗವರ್ನರನಾಗಿ ದೊಡ್ಡ ಸೌಧದಲ್ಲಿ ಕುಳಿತ ಈ ಮನುಷ್ಯನ ಬಗ್ಗೆ ನಮಗೆ ಗೌರವ ಹುಟ್ಟುವುದು ಆ ತೋಟದ ಕಾರಣಕ್ಕೇ ಎಂದರೆ ಕೆಲವರು ನಕ್ಕಾರು.

ಅವನಿಗೆ ತೀರ ವಿರುದ್ಧವಾದ ಕಥೆ ಹೊಸೂರಿನ ಕೋಟೆಯೊಳಗಿನದು. ಬ್ರೆಟ್ ಎಂಬ ಸೇಲಂ ಕಲೆಕ್ಟರು ಇಂಗ್ಲೆಂಡಿನ ಕೆನಿಲ್ವರ್ತ್ ದುರ್ಗದ ಮಾದರಿಯಲ್ಲಿ ಇಲ್ಲೊಂದು ಭಾರಿ ಸೌಧವನ್ನು ಕಟ್ಟಿಸಿದನು. ಇಂಗ್ಲೆಂಡಿನಿಂದ ಬರಬೇಕಾಗಿದ್ದ ವಧುವಿಗಾಗಿ ಕಟ್ಟಿಸಿದನೆಂಬ ಕಥೆ ಊರಿನಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದೆ. ಕಥೆಯನ್ನು ಕಥೆಯೆಂದೇ ಕೇಳೋಣ. ಸೋಜಿಗವೆಂದರೆ ಮೂಲ ಕೆನಿಲ್ವರ್ತ್ ಹದಿನೇಳನೆಯ ಶತಮಾನದ ಅಂತರ್ಯುದ್ಧದ ನಂತರ ಕೆಡವಲ್ಪಟ್ಟು ಆಗಲೇ ಹಾಳುಗೋಡೆಯಾಗಿತ್ತು. ಹೊಸೂರಿನ ಪ್ರತಿರೂಪವೂ ಬೇಗನೆ ಮೂಲವನ್ನು ಅನುಸರಿಸಿತು. ಅದನ್ನು ದುರಸ್ತಿ ಮಾಡುವ ಶಕ್ತಿ ಊರಿನ ಯಾವ ಗಾರೆಯವನಿಗೂ ಇರಲಿಲ್ಲ, ಯಾವ ಖಜಾನೆಗೂ ಇಷ್ಟವಿರಲಿಲ್ಲ.

ಹೊಸೂರಿನಿಂದ ಕೆಲವೇ ಮೈಲಿ ದೂರದಲ್ಲಿ, ದಕ್ಷಿಣ ಪಿನಾಕಿನಿಯ ಆಸುಪಾಸಿನಲ್ಲಿ ತೊರಪಳ್ಳಿ ಇದೆ. ಅಲ್ಲಿಯ ಅಗ್ರಹಾರದ ಒಂದು ಸಣ್ಣ ಮನೆಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಜನಿಸಿದರು. 1876ರಿಂದ 1878ರವರೆಗೆ ಮೈಸೂರು, ಸೇಲಂ ಸೀಮೆಗಳನ್ನು ಸುಟ್ಟ ದೊಡ್ಡ ಬರ ಆಗತಾನೇ ಹಿಂದೆ ಸರಿದಿತ್ತು. ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ ಆ ಹುಡುಗ ಮುಂದೆ ಸೇಲಂನಲ್ಲಿ ಹೆಸರಾಂತ ವಕೀಲರಾದರು. ಆದರೆ ಅದನ್ನೆಲ್ಲ ಬಿಟ್ಟು, 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮವನ್ನು ತೆರೆದು, ಮಕ್ಕಳೊಡನೆ ಗುಡಿಸಲಿನಲ್ಲಿ ವಾಸಕ್ಕೆ ನಿಂತರು. ಖಾದಿ, ಪಾನನಿರೋಧ, ಅಸ್ಪೃಶ್ಯತಾ ನಿವಾರಣೆ ಆ ಗುಡಿಸಲಿನಿಂದ ನಡೆದ ಕೆಲಸಗಳು. 1948ರ ಜೂನಿನಲ್ಲಿ ಅವರೇ ಭಾರತದ ಗವರ್ನರ್ ಜನರಲ್ ಆಗಿ ದೆಹಲಿಯ 340 ಕೋಣೆಗಳ ಭವನವನ್ನು ಪ್ರವೇಶಿಸಿದರು. ತೊರಪಳ್ಳಿಯ ಮನೆ ಇಂದು ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕ. ಶಾಲಾಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಕೇಳುವುದು "ಇಷ್ಟೇನಾ, ಸಾರ್?" ಎಂದು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರಿಗೆ ಆ ಪ್ರಶ್ನೆಗಿಂತ ಒಳ್ಳೆಯ ಪೀಠಿಕೆ ಬೇರೆ ಬೇಕಿಲ್ಲ.

ಇವು ಹೆಸರುಳ್ಳ ಮನೆಗಳು. ಹೆಸರಿಲ್ಲದವುಗಳ ಸಂಗತಿಗೆ ಬರೋಣ; ಹೇಳಬೇಕಾದುದು ಅಲ್ಲಿಯೇ ಹೆಚ್ಚು.

ಕೃಷ್ಣಗಿರಿ ಸೀಮೆ ಕಲ್ಲಿನ ನಾಡು. ಶೂಳಗಿರಿ ಕಡೆಯ ಮಲ್ಲಚಂದ್ರಂ ಗುಡ್ಡದ ಮೇಲೆ ಬೃಹತ್ ಶಿಲಾಸಂಸ್ಕೃತಿಯ ಜನ ನಿಲ್ಲಿಸಿದ ಕಲ್ಗೋರಿಗಳಿವೆ. ಸುತ್ತಲೂ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದೆ ದುಂಡನೆಯ ಕಂಡಿ. ಇಂಥವನ್ನು ನಮ್ಮ ಜನ ಪಾಂಡವರ ಮನೆಗಳೆಂದರು. ಈ ಸೀಮೆಯಲ್ಲಿ ಉಳಿದಿರುವ ಅತಿ ಹಳೆಯ ಕಿರುಮನೆಗಳು ಸತ್ತವರಿಗಾಗಿ ಕಟ್ಟಿದವು. ಬಂಡೆಯ ಮೇಲೆ ಬೆಂಕಿ ಹಾಕಿ ಹಾಳೆಯಂತೆ ಚಪ್ಪಡಿ ಎಬ್ಬಿಸುವ ಕೈಚಳಕ ಈ ನಾಡಿನಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ಗೋಡೆಗೆ, ಜಗಲಿಗೆ, ದನದ ಗೋಂದಣಿಗೆಗೆ, ಹೊಲದ ಬೇಲಿಗೆ ಕೂಡ ಅದೇ ಚಪ್ಪಡಿ.

ರೈತನ ಮನೆ ಸಾಮಾನ್ಯವಾಗಿ ಮಣ್ಣುಗೋಡೆಯದು. ಮಾಡಿಗೆ ರಾಗಿಹುಲ್ಲನ್ನು ಯಾರೂ ಹಾಕುತ್ತಿರಲಿಲ್ಲ, ಅದು ದನದ ಮೇವು; ಗುಡ್ಡದಿಂದ ಬಾದೆಹುಲ್ಲು ಕೊಯ್ದು ತರುತ್ತಿದ್ದರು. ಅನುಕೂಲವಂತರು ನಾಡಹೆಂಚು ಹೊದಿಸಿದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹೆಂಚು ಕ್ರಮೇಣ ಇಲ್ಲಿಗೂ ಬಂದು, ಅಂತಸ್ತಿನ ಗುರುತಾಯಿತು. ಒಳಗೆ ಹೋದರೆ ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು, ದೀಪಕ್ಕೊಂದು ಗೂಡು, ಹೊಗೆ ಹೋಗಲು ಗವಾಕ್ಷಿ, ಒಂದೇ ಸೂರಿನ ಕೆಳಗೆ ಒಂದು ಬದಿ ಎತ್ತುಗಳು. ಒಲೆಯ ಹೊಗೆ ಕಣ್ಣಿಗೆ ಶತ್ರುವಾದರೂ ಮಾಡಿನ ಹುಲ್ಲಿಗೂ ತೊಲೆಗೂ ಮಿತ್ರ. ಹುಳು ಹತ್ತದಂತೆ ಕಾಯುತ್ತಿತ್ತು.

ಮನೆಯ ಮುಂದೆ, ಕೆಲವೊಮ್ಮೆ ಊರ ನಡುವೆ, ಹಗೇವು ಇರುತ್ತಿತ್ತು. ಗಟ್ಟಿ ಗರಸು ನೆಲದಲ್ಲಿ ಗುಡಾಣದಂತೆ ಅಗೆದು, ಬಾಯನ್ನು ಕಿರಿದಾಗಿಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣೆಳೆದರೆ ವರ್ಷಗಟ್ಟಲೆ ಕೆಡದು. ತೆರೆದ ತಕ್ಷಣ ಯಾರೂ ಇಳಿಯಕೂಡದು. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಆಳನ್ನು ಕೊಂದೀತು. ಮೊದಲು ದೀಪವನ್ನು ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಬರಗಾಲಗಳಲ್ಲಿ ಹಗೇವು ಇದ್ದ ಮನೆ ಉಳಿಯಿತು, ಇಲ್ಲದ್ದು ಗುಳೆ ಹೋಯಿತು. ಕಿರುಮನೆ ಕಿರಿದಾಗಿ ಕಂಡದ್ದು ನೆಲದ ಮೇಲೆ. ಅದರ ಐಶ್ವರ್ಯವಿದ್ದುದು ನೆಲದ ಕೆಳಗೆ.

ಹಾಗೆಂದು ನಾವು ಆ ಮನೆಯನ್ನು ಹೊಗಳುತ್ತ ಕೂರಲಾರೆವು. ಕತ್ತಲ ಅಡುಗೆಮನೆಯಲ್ಲಿ ಊದುಕೊಳವೆ ಹಿಡಿದು ಕಣ್ಣು ಕಳೆದುಕೊಂಡ ತಾಯಂದಿರನ್ನು ಕಂಡವರು ನಾವು. ಊರ ಹೊರಗಿನ ಕೇರಿಗೆ ಹೆಂಚು ಏರಲು ಊರು ಬಹುಕಾಲ ಬಿಡಲಿಲ್ಲ. ಅಲ್ಲಿಯ ಗುಡಿಸಲಿಗೆ ಬೇಸಗೆಯಲ್ಲಿ ಬಿದ್ದ ಕಿಡಿ ಸಾಲನ್ನೇ ಸುಡುತ್ತಿತ್ತು. ತಮಿಳುನಾಡು ಸರ್ಕಾರ 2010ರಲ್ಲಿ ಗುಡಿಸಲುಗಳನ್ನು ಕಾಂಕ್ರೀಟು ಮನೆಗಳಾಗಿಸುವ ಯೋಜನೆಯನ್ನು ತಂದಾಗ ಅದನ್ನು ಸ್ವಾಗತಿಸದವರು ಗುಡಿಸಲಿನಲ್ಲಿ ಇರದವರು ಮಾತ್ರ. ಹಳೆಯ ಮನೆಯಲ್ಲಿ ನಾವು ಬೆಲೆಕೊಡುವುದು ಒಂದಕ್ಕೆ: ಅದನ್ನು ಕಟ್ಟಿದವನೇ ಅದನ್ನು ದುರಸ್ತಿ ಮಾಡಬಲ್ಲವನಾಗಿದ್ದನು. ಯುಗಾದಿಗೆ ಮುನ್ನ ಮನೆಮಂದಿಯೆಲ್ಲ ಸೇರಿ ಗೋಡೆಗೆ ಮಣ್ಣು ಮೆತ್ತಿ, ಸುಣ್ಣ ಬಳಿದು, ನೆಲ ಸಾರಿಸಿದರೆ ಮನೆ ಮತ್ತೆ ಹೊಸದು. ಕಲೆಕ್ಟರನ ಸೌಧಕ್ಕೆ ಇಲ್ಲದಿದ್ದ ಭಾಗ್ಯ ಅದು.

1970ರ ದಶಕದಿಂದ ಹೊಸೂರಿಗೆ ಸಿಪ್ಕಾಟ್ ಬಂತು, ಕಾರ್ಖಾನೆಗಳು ಸಾಲುಗಟ್ಟಿದವು. ನಮ್ಮ ಮಕ್ಕಳಿಗೆ ಕೆಲಸ ಸಿಕ್ಕಿತು, ಇದಕ್ಕೆ ಕೃತಜ್ಞರಾಗಿರಬೇಕು. ಮಣ್ಣುಗೋಡೆಗಳು ಒಂದೊಂದಾಗಿ ಬಿದ್ದವು. ಗೋಡೆಯೊಡನೆ ಬಿದ್ದುದು ಇನ್ನೊಂದಿದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಗಡಿಸೀಮೆಯಲ್ಲಿ ಕನ್ನಡ ಉಳಿದದ್ದು ಶಾಲೆಗಿಂತ ಹೆಚ್ಚಾಗಿ ಮನೆಯೊಳಗೆ. ಮನೆಯೊಳಗೆ ಎಂದರೆ ಜಗಲಿಯಲ್ಲಿ, ಒಲೆಯ ಮುಂದೆ. ಪಡಸಾಲೆ ಹೋಗಿ ಹಾಲ್ ಬಂತು, ಬಚ್ಚಲು ಹೋಗಿ ಬಾತ್‌ರೂಮ್ ಬಂತು. ಹತ್ತನೆಯ ತರಗತಿಯ ಮಕ್ಕಳಿಗೆ ಹಗೇವು ಎಂಬ ಪದವನ್ನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬೇಕಾಗಿ ಬಂದಾಗ, ವ್ಯಾಕರಣ ಪಾಠದಿಂದ ಭಾಷೆ ಉಳಿದೀತೆಂಬ ನಮ್ಮ ವೃತ್ತಿಯ ಭರವಸೆ ತುಸು ಅಲುಗಿತು.

ಬೆಂಗಳೂರಿನ ಮಗ್ಗುಲಿನ ವೈಟ್‌ಫೀಲ್ಡಿನಲ್ಲಿ 1882ರಲ್ಲಿ, ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ, ಆಂಗ್ಲೋ-ಇಂಡಿಯನ್ ಸಮುದಾಯದವರು ತೋಟ, ಕಿರುಮನೆಗಳ ಒಂದು ನೆಲೆಯನ್ನು ಕಟ್ಟಿಕೊಂಡರು. ಇಂದು ಅಲ್ಲಿ ಗಾಜಿನ ಕಟ್ಟಡಗಳ ನಡುವೆ ಆ ಹೆಸರಷ್ಟೇ ಮುಂದು. ಅಲ್ಲಿಯ ದಣಿದ ಮನಸ್ಸುಗಳು ಈಗ ವಾರಾಂತ್ಯಕ್ಕೆ ನಮ್ಮ ಕಡೆ ಬರುತ್ತವೆ. ತಂಪು ಹವೆಗಾಗಿ 'ಲಿಟ್ಲ್ ಇಂಗ್ಲೆಂಡ್' ಎನಿಸಿಕೊಂಡ ತಳಿಯ ಸುತ್ತಮುತ್ತ, ದೇಂಕಣಿಕೋಟೆಯ ದಾರಿಯಲ್ಲಿ, ಒಂದೊಂದೆಕರೆಗೆ ಒಂದೊಂದು ಕಾಟೇಜು ಏಳುತ್ತಿದೆ. ಕೆಂಪು ಹೆಂಚು, ಕಲ್ಲು ಜಗಲಿ, ಮಣ್ಣಿನ ಬಣ್ಣದ ಗೋಡೆ. ಹಳ್ಳಿಗಳಲ್ಲಿ ಕೆಡವಿದ ಮನೆಗಳ ಕಂಬ, ಬಾಗಿಲುವಾಡ, ತೊಲೆಗಳನ್ನು ವ್ಯಾಪಾರಿಗಳು ಕೊಂಡು ಅಲ್ಲಿಗೆ ಮಾರುತ್ತಾರೆ. ಬಂದ ಅತಿಥಿಗಳ ಮಕ್ಕಳು ಗೋಡೆಯ ಗೂಡನ್ನೋ ಅಂಗಳದ ಒರಳುಕಲ್ಲನ್ನೋ ತೋರಿಸಿ ಇದೇನೆಂದು ಕೇಳುತ್ತಾರೆ. ಕಾವಲುಗಾರನು ನಮ್ಮೂರಿನವನಾದರೆ ಹೆಸರು ಹೇಳುತ್ತಾನೆ.