ಮೂಕಿಯಲ್ಲಿ ವಸಂತಸೇನೆ

ಮಾತಿಗೆ ಹೆಸರಾದ ಟಿ.ಪಿ. ಕೈಲಾಸಂ ಸಿನಿಮಾಕ್ಕೆಂದು ಬಣ್ಣ ಹಚ್ಚಿಕೊಂಡದ್ದು ಒಂದು ಮೂಕಿ ಚಿತ್ರದಲ್ಲಿ! ಮೋಹನ್ ಭವನಾನಿ ನಿರ್ದೇಶಿಸಿದ, 1931ರ 'ವಸಂತಸೇನಾ' ಅದು. ಕಥೆ ಶೂದ್ರಕನ 'ಮೃಚ್ಛಕಟಿಕ'ದ್ದು. ವಸಂತಸೇನೆ ಉಜ್ಜಯಿನಿಯ ಸಿರಿವಂತ ಗಣಿಕೆ. ಅವಳು ಮನಸೋತ ಚಾರುದತ್ತ, ದಾನ ಮಾಡಿ ಮಾಡಿ ಕೈ ಬರಿದಾದ ಬ್ರಾಹ್ಮಣ.

ಸಂಸ್ಕೃತ ಮೇಷ್ಟ್ರಾಗಿ ಈ ನಾಟಕ ಪಾಠ ಮಾಡಿದವನು ನಾನು. ಪ್ರಣಯದ ಶ್ಲೋಕಗಳಿಗೆ ಹುಡುಗರು ಆಕಳಿಸುತ್ತಿದ್ದರು. ಮೂರನೆಯ ಅಂಕ ಬಂತೋ, ಬೆನ್ನು ನೆಟ್ಟಗಾಗುತ್ತಿತ್ತು. ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವ ಅಂಕ. ಅಳತೆಯ ದಾರ ಮರೆತು ಬಂದಿದ್ದಾನೆ. ಮೈಮೇಲಿನ ಜನಿವಾರದಿಂದಲೇ ಗೋಡೆ ಅಳೆಯುತ್ತಾನೆ. ಕಳ್ಳತನವಾದರೂ ಯಾತಕ್ಕೆ? ವಸಂತಸೇನೆಯ ದಾಸಿ ಮದನಿಕೆಯನ್ನು ಬಿಡಿಸಿಕೊಳ್ಳಲು. ಕದ್ದದ್ದು ಮಾತ್ರ ವಸಂತಸೇನೆಯೇ ನಂಬಿ ಇಟ್ಟಿದ್ದ ಒಡವೆಯ ಗಂಟು! ಅದರ ಬದಲಿಗೆಂದು ಚಾರುದತ್ತನ ಹೆಂಡತಿ ಧೂತೆ ತವರಿನ ರತ್ನಹಾರ ತೆಗೆದುಕೊಡುತ್ತಾಳೆ. ಆಮೇಲೊಮ್ಮೆ ಅವಳ ಮಗ ಚಿನ್ನದ ಬಂಡಿಯೇ ಬೇಕೆಂದು ಅತ್ತಾಗ, ವಸಂತಸೇನೆ ತನ್ನ ಒಡವೆ ಬಿಚ್ಚಿ ಅವನ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಪ್ರೀತಿಯ ಲೇವಾದೇವಿಯೆಲ್ಲ ಒಡವೆಯಲ್ಲೇ. ಶ್ಲೋಕಗಳಿಗಿಂತ ನನಗೆ ಇದೇ ಹಿಡಿಸುತ್ತದೆ. ಕೊನೆಗೆ ರಾಜ್ಯವೇ ಕೈ ಬದಲಾಗಿ ಗಣಿಕೆಗೆ ಕುಲವಧುವಿನ ಸ್ಥಾನ ಸಿಗುತ್ತದೆ.

ಆಗ ಸಿನಿಮಾ ನಟಿಯೆಂದರೂ ಊರ ಕಣ್ಣಿಗೆ ಹೆಚ್ಚುಕಡಿಮೆ ಗಣಿಕೆಯೇ. ಫಾಲ್ಕೆಯವರ 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ತಾರಾಮತಿಯಾಗಿದ್ದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಗಂಡಸು. ಅಂಥದ್ದರಲ್ಲಿ ಗಣಿಕೆಯ ಕಥೆಗೇ ಬಂದವರು ಯಾರು? ಮಂಗಳೂರಿನ ಸಾರಸ್ವತ ಮನೆತನದ ಕಮಲಾದೇವಿ ಚಟ್ಟೋಪಾಧ್ಯಾಯ. ಬಾಲವಿಧವೆಯಾಗಿದ್ದು ಮರುಮದುವೆಯಾದವರು, 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಅಲ್ಪ ಮತಗಳಿಂದ ಸೋತವರು, ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡವರು. ಜೊತೆಗೆ, 1928ರ 'ಶಿರಾಜ್'ನಲ್ಲಿ ಆಗಲೇ ನಟಿಸಿದ್ದ ಏಣಾಕ್ಷಿ ರಾಮರಾವ್. ಶೂದ್ರಕ ಗಣಿಕೆಯನ್ನು ಗೃಹಿಣಿಯಾಗಿಸಿದ; ಇವರು ಮನೆಯ ಹೊಸ್ತಿಲು ದಾಟಿ ಎದುರು ದಿಕ್ಕಿನಿಂದ ನಡೆದು ಬಂದರು. ಚಿತ್ರಕ್ಕಿಂತ ದೊಡ್ಡ ಕಥೆ ಇದೇ ಎಂದು ನನ್ನ ವಾದ.

ಮೂಕಿಯಲ್ಲಿ ಪೆಟ್ಟು ತಿಂದಿರಬೇಕಾದವನು ಶಕಾರ. ರಾಜನ ಮೈದುನನೆಂಬ ಸೊಕ್ಕಿನಲ್ಲಿ ರಾಮಾಯಣ, ಭಾರತ ಎರಡನ್ನೂ ಕಲಸಿ, ಕುಂತಿಯನ್ನು ರಾವಣನ ಕೈಗೆ ಕೊಡುವ ಪಾತ್ರ ಅದು. ಬಾಯಿಲ್ಲದ ಶಕಾರ ಬರೀ ಖಳನಾಯಕ. 1941ರಲ್ಲಿ 'ವಸಂತಸೇನ' ಟಾಕಿಯಾದಾಗ ಅವನಿಗೆ ಬಾಯಿ ಬಂತು. ಸುಬ್ಬಯ್ಯ ನಾಯ್ಡು ಚಾರುದತ್ತ, ಲಕ್ಷ್ಮೀಬಾಯಿ ವಸಂತಸೇನೆ. ಶಕಾರನಾದವರು ಆರ್. ನಾಗೇಂದ್ರರಾಯರು, 1934ರ 'ಸತಿ ಸುಲೋಚನಾ'ದಲ್ಲಿ ಸಾಕ್ಷಾತ್ ರಾವಣನೇ ಆಗಿದ್ದವರು.