ಅಗುಳಿ ಬೀಳದ ಕದ: ಹೃದಯದ ಕಿಂಡಿ, ಲಕ್ವ ಮತ್ತು ನೂರನಲವತ್ತು ವರ್ಷಗಳ ಅನುಮಾನ

(ಹೊಗೆನಕಲ್ ಸುತ್ತಲಿನ ಗಡಿಸೀಮೆಯ ಆರೋಗ್ಯ ಚರಿತ್ರೆ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಸಂವಾದದ ಆಯ್ದ ಭಾಗ ಕೊನೆಯಲ್ಲಿದೆ.)



ಹೊಗೆನಕಲ್ ಸೀಮೆಯ ಆರೋಗ್ಯ ಚರಿತ್ರೆ ಅಂದ ಕೂಡಲೇ ನಮ್ಮ ಮಾತು ನೀರಿನ ಕಡೆಗೇ ಹೋಗುತ್ತೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡು, ಅದರಿಂದ ಹಲ್ಲು ಮತ್ತು ಮೂಳೆಗೆ ಬರುವ ತೊಂದರೆ, 2008ರಲ್ಲಿ ಅಡಿಗಲ್ಲು ಬಿದ್ದು 2013ರಲ್ಲಿ ಉದ್ಘಾಟನೆಯಾದ ಕಾವೇರಿ ಕುಡಿಯುವ ನೀರಿನ ಯೋಜನೆ, ಅದರ ಸುತ್ತ ಎರಡು ರಾಜ್ಯಗಳ ಜಗಳ. ಇದೆಲ್ಲ ನಿಮಗೆ ಗೊತ್ತಿರುವುದೇ. ಇವತ್ತು ನಾನು ಇನ್ನೊಂದು ಹರಿವಿನ ಬಗ್ಗೆ ಮಾತಾಡ್ತೇನೆ. ಹೃದಯದೊಳಗಿನ ಒಂದು ಸಣ್ಣ ಕಿಂಡಿ, ಅದರ ಮೂಲಕ ಮಿದುಳಿಗೆ ಹೋಗಬಹುದಾದ ರಕ್ತದ ಹೆಪ್ಪು, ಅದನ್ನು ತಡೆಯಲು ಆ ಕಿಂಡಿಯನ್ನು ಮುಚ್ಚುವ ಚಿಕಿತ್ಸೆ. ನಾನು ವೈದ್ಯನಲ್ಲ, ವೈದ್ಯಕೀಯ ಚರಿತ್ರೆಯ ವಿದ್ಯಾರ್ಥಿ. ಹಾಗಾಗಿ ಮುಚ್ಚುವುದು ಹೇಗೆ ಅನ್ನೋದಕ್ಕಿಂತ, ಯಾರಿಗೆ ಮುಚ್ಚಬೇಕು ಅನ್ನೋದನ್ನು ಕಲಿಯಲು ಯಾಕೆ ಇಷ್ಟು ಕಾಲ ಬೇಕಾಯ್ತು ಅನ್ನುವುದೇ ನನ್ನ ಪ್ರಶ್ನೆ.

1. ಕಿಂಡಿ ಅಂದರೇನು

ತಾಯಿಯ ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ಬರುತ್ತೆ. ಆಗ ರಕ್ತ ಶ್ವಾಸಕೋಶವನ್ನು ಸುತ್ತಿ ಬರುವ ಅಗತ್ಯವಿಲ್ಲ. ಅದಕ್ಕಾಗಿ ಹೃದಯದ ಮೇಲಿನ ಎರಡು ಕೋಣೆಗಳ, ಅಂದರೆ ಬಲ ಮತ್ತು ಎಡ ಹೃತ್ಕರ್ಣಗಳ ನಡುವಿನ ಗೋಡೆಯಲ್ಲಿ ಒಂದು ಒಳದಾರಿ ಇರುತ್ತೆ. ಅದರ ಹೆಸರು ಫೊರಾಮೆನ್ ಒವೇಲ್. ಮೊಟ್ಟೆಯಾಕಾರದ ಕಿಂಡಿ ಅಂತ ಅರ್ಥ. ಎರಡನೇ ಶತಮಾನದ ಗ್ಯಾಲೆನ್‌ಗೇ ಇದು ಗೊತ್ತಿತ್ತು.

ಮಗು ಹುಟ್ಟಿ ಮೊದಲ ಉಸಿರು ತೆಗೆದುಕೊಂಡಾಗ ಎಡಗಡೆಯ ಒತ್ತಡ ಏರಿ, ಆ ಕಿಂಡಿಯ ಪರದೆ ಗೋಡೆಗೆ ಅಂಟಿಕೊಳ್ಳುತ್ತೆ. ಹೆಚ್ಚಿನವರಲ್ಲಿ ಅದು ಕ್ರಮೇಣ ಕೂಡಿಹೋಗುತ್ತೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕದ ಮುಚ್ಚಿರುತ್ತೆ, ಅಗುಳಿ ಬಿದ್ದಿರೋದಿಲ್ಲ. ಇದನ್ನೇ ಪೇಟೆಂಟ್ ಫೊರಾಮೆನ್ ಒವೇಲ್, ಚಿಕ್ಕದಾಗಿ ಪಿಎಫ್‌ಒ ಅಂತಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಮರಣೋತ್ತರ ಪರೀಕ್ಷೆಯಲ್ಲಿ 965 ಹೃದಯಗಳನ್ನು ನೋಡಿ 1984ರಲ್ಲಿ ಪ್ರಕಟಿಸಿದ ಲೆಕ್ಕ ಶೇ 27.3. ಅವು ಪಾರ್ಶ್ವವಾಯು ಪೀಡಿತರೆಂದು ಆರಿಸಿದ ಹೃದಯಗಳಲ್ಲ. ಅಂದರೆ ಈ ಗೋಷ್ಠಿಯಲ್ಲಿ ನಲವತ್ತು ಮಂದಿ ಇದ್ದರೆ ನಮ್ಮಲ್ಲೇ ಹತ್ತು ಜನರಿಗೆ ಇದು ಇರಬಹುದು. ಬಹುತೇಕರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ.

ಆದರೆ ಜೋರಾಗಿ ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಬಲಗಡೆಯ ಒತ್ತಡ ಕ್ಷಣಕಾಲ ಹೆಚ್ಚಾಗಿ ಕದ ತೆರೆದುಕೊಳ್ಳುತ್ತೆ. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ. ಆ ಒಂದು ಕ್ಷಣದಲ್ಲಿ ಅದು ಕದ ದಾಟಿಬಿಟ್ಟರೆ, ಎಡಗಡೆಯಿಂದ ನೇರ ಮಿದುಳಿಗೆ ಹೋಗಬಹುದು. ಅದೇ ಲಕ್ವ.

2. 1877ರಿಂದ 1992: ಅನುಮಾನದಿಂದ ಬಿರಡೆಯವರೆಗೆ

ಈ ದಾರಿಯನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವನು ಜರ್ಮನಿಯ ರೋಗವಿಜ್ಞಾನಿ ಯೂಲಿಯಸ್ ಕೋನ್‌ಹೈಮ್. 35 ವರ್ಷದ ಒಬ್ಬ ಹೆಂಗಸು ಪಾರ್ಶ್ವವಾಯುವಿನಿಂದ ಸತ್ತಿದ್ದಳು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು, ಕಾಲಿನ ನಾಳದಲ್ಲೂ ಹೆಪ್ಪು ಇತ್ತು, ಹೃದಯದಲ್ಲಿ ದೊಡ್ಡದೊಂದು ಕಿಂಡಿ ತೆರೆದೇ ಇತ್ತು. 1877ರಲ್ಲಿ ಕೋನ್‌ಹೈಮ್ ಈ ಮೂರನ್ನೂ ಜೋಡಿಸಿ ಬರೆದ. ಅಡ್ಡದಾರಿ ಹಿಡಿದು ಎದುರುಗಡೆಗೆ ಬರುವ ಈ ಹೆಪ್ಪಿಗೆ ಮುಂದೆ ಪ್ಯಾರಡಾಕ್ಸಿಕಲ್ ಎಂಬಾಲಿಸಂ ಎಂಬ ಹೆಸರು ಬಂತು.

ಗಮನಿಸಿ, ಇದು ಸತ್ತ ಮೇಲೆ ಮಾತ್ರ ಗೊತ್ತಾಗುವ ವಿಷಯವಾಗಿತ್ತು. ಮುಂದಿನ ಸುಮಾರು ನೂರು ವರ್ಷ ಕಥೆ ಹೆಚ್ಚು ಮುಂದಕ್ಕೆ ಹೋಗದಿರಲು ಅದೇ ಕಾರಣ. ಬದುಕಿರುವವರಲ್ಲಿ ಕಿಂಡಿ ನೋಡಲು ಎಕೋ ಬರಬೇಕಾಯ್ತು. ಜೊತೆಗೆ ಒಂದು ಸರಳ ಉಪಾಯವೂ ಬಂತು. ಸಲೈನಿಗೆ ಸ್ವಲ್ಪ ಗಾಳಿ ಸೇರಿಸಿ ಎರಡು ಸಿರಿಂಜ್‌ಗಳ ನಡುವೆ ಹಿಂದೆಮುಂದೆ ತಳ್ಳಿದರೆ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಅದನ್ನು ಕೈಯ ನರಕ್ಕೆ ಕೊಟ್ಟು, ಮುಕ್ಕಲು ಹೇಳಿ, ಎಕೋದಲ್ಲಿ ನೋಡುವುದು. ಗುಳ್ಳೆಗಳು ಮೂರು ಬಡಿತದೊಳಗೆ ಎಡಗಡೆ ಕಾಣಿಸಿಕೊಂಡರೆ ಕದ ತೆರೆದಿದೆ ಅಂತ ಅರ್ಥ. 1988ರಲ್ಲಿ ಫ್ರಾನ್ಸಿನ ಲೆಷಾ ಮತ್ತು ಸಂಗಡಿಗರು ಲಕ್ವ ಹೊಡೆದ 55ರೊಳಗಿನವರನ್ನು ಹೀಗೆ ನೋಡಿದಾಗ ಶೇ 40ರಷ್ಟು ಮಂದಿಯಲ್ಲಿ ಕಿಂಡಿ ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡವರಲ್ಲಿ ಶೇ 10. ಕೋನ್‌ಹೈಮನ ಅನುಮಾನಕ್ಕೆ ಅಂಕಿಗಳ ಬಲ ಬಂದದ್ದು ಆಗ.

ಇತ್ತ, ಎದೆ ತೆರೆಯದೆ ಹೃದಯದ ರಂಧ್ರ ಮುಚ್ಚುವ ಪ್ರಯತ್ನ ಬೇರೆ ಕಡೆ ಆಗಲೇ ನಡೆದಿತ್ತು. ನ್ಯೂ ಆರ್ಲಿಯನ್ಸ್‌ನ ಕಿಂಗ್ ಮತ್ತು ಮಿಲ್ಸ್, ತೊಡೆಸಂದಿನ ರಕ್ತನಾಳದಿಂದ ಕೊಳವೆ ತೂರಿಸಿ ಹೃತ್ಕರ್ಣದ ಗೋಡೆಯ ದೊಡ್ಡ ರಂಧ್ರವನ್ನು ಮುಚ್ಚಿದ್ದನ್ನು 1976ರಲ್ಲಿ ವರದಿ ಮಾಡಿದ್ದರು. 1992ರಲ್ಲಿ ಬಾಸ್ಟನ್ನಿನ ತಂಡ ಲಕ್ವದಂಥ ಘಟನೆಯಾದ 36 ಜನರಲ್ಲಿ ಇದೇ ಬಗೆಯಲ್ಲಿ ಪಿಎಫ್‌ಒ ಮುಚ್ಚಿದ್ದನ್ನು ಪ್ರಕಟಿಸಿತು. 1997ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಆಂಪ್ಲಾಟ್ಜರ್ ಬಿರಡೆಯ ಬಳಕೆ ಶುರುವಾಯ್ತು. ನಿಕಲ್ ಮತ್ತು ಟೈಟೇನಿಯಂ ಮಿಶ್ರಲೋಹದ ತಂತಿಯಿಂದ ಹೆಣೆದ ಎರಡು ಬಿಲ್ಲೆ, ನಡುವೆ ಸಣ್ಣ ಕತ್ತು. ಗೋಡೆಯ ಎರಡೂ ಬದಿ ಒಂದೊಂದು ಬಿಲ್ಲೆ ಅರಳಿ ಕೂರುತ್ತೆ. ಕೆಲವು ತಿಂಗಳಲ್ಲಿ ಮೈಯದೇ ಪದರ ಅದರ ಮೇಲೆ ಬೆಳೆದುಕೊಳ್ಳುತ್ತೆ.

3. 2012: ಸೋಲು ಕಲಿಸಿದ್ದು

ಇಲ್ಲಿವರೆಗೆ ಕೇಳಿದವರಿಗೆ ಕಥೆ ಮುಗಿದ ಹಾಗೆ ಅನ್ನಿಸಬಹುದು. ಕಿಂಡಿ ಸಿಕ್ಕಿತು, ಬಿರಡೆ ಸಿಕ್ಕಿತು, ಇನ್ನೇನು? ಎಷ್ಟೋ ವೈದ್ಯರಿಗೂ ಹಾಗೇ ಅನ್ನಿಸಿತ್ತು. ಆದರೆ 2012ರಲ್ಲಿ ಕ್ಲೋಷರ್-1 ಎಂಬ ಅಧ್ಯಯನದ ಫಲಿತಾಂಶ ಬಂತು. 909 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮುಚ್ಚಿ, ಉಳಿದವರಿಗೆ ಔಷಧಿಯನ್ನಷ್ಟೇ ಕೊಟ್ಟು ಎರಡು ವರ್ಷ ನೋಡಿದರು. ಗಣನೀಯ ವ್ಯತ್ಯಾಸ ಕಾಣಲಿಲ್ಲ. 2013ರಲ್ಲಿ ಬಂದ ಇನ್ನೆರಡು ಅಧ್ಯಯನಗಳೂ ಮೊದಲ ಲೆಕ್ಕದಲ್ಲಿ ಖಚಿತ ಲಾಭ ತೋರಿಸಲಿಲ್ಲ.

ಯಾಕೆ? ಕ್ಲೋಷರ್-1ರ ಬಿರಡೆಯ ಮೇಲೇ ಕೆಲವರಲ್ಲಿ ಹೆಪ್ಪು ಕಟ್ಟಿತ್ತು, ಅದೊಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದು: ಮತ್ತೆ ಲಕ್ವ ಹೊಡೆದವರನ್ನು ಪರಿಶೀಲಿಸಿದಾಗ ಹೆಚ್ಚಿನವರಿಗೆ ಬೇರೆಯೇ ಕಾರಣ ಸಿಕ್ಕಿತು. ಕಿಂಡಿ ಇತ್ತು ನಿಜ, ಕಳ್ಳ ಬಂದದ್ದು ಆ ಬಾಗಿಲಿಂದಲ್ಲ. ನಾಲ್ವರಲ್ಲೊಬ್ಬರಿಗೆ ಇರುವ ಒಂದು ಲಕ್ಷಣ ಲಕ್ವದ ರೋಗಿಯಲ್ಲೂ ಸುಮ್ಮನೆ ಇದ್ದಿರಬಹುದಲ್ಲ?

2013ರಲ್ಲೇ ರೋಪ್ ಎಂಬ ಅಂಕಪಟ್ಟಿ ಬಂತು. ಹತ್ತಕ್ಕೆ ಲೆಕ್ಕ. ಬಿಪಿ ಇಲ್ಲದಿದ್ದರೆ ಒಂದು, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಒಂದು, ಧೂಮಪಾನ ಇಲ್ಲದಿದ್ದರೆ ಒಂದು, ಹಿಂದೆ ಲಕ್ವ ಆಗಿಲ್ಲದಿದ್ದರೆ ಒಂದು, ಸ್ಕ್ಯಾನ್‌ನಲ್ಲಿ ಮಿದುಳಿನ ಹೊರಪದರದಲ್ಲಿ ಹಾನಿ ಕಂಡರೆ ಒಂದು. ಉಳಿದ ಐದು ವಯಸ್ಸಿಗೆ, ಚಿಕ್ಕವರಿಗೆ ಹೆಚ್ಚು.

ಊಹೆಗೆ ಇಬ್ಬರನ್ನು ತೆಗೆದುಕೊಳ್ಳೋಣ. ಹೊಗೆನಕಲ್ಲಿನಲ್ಲಿ ಹರಿಗೋಲು ನಡೆಸುವ 34ರ ಒಬ್ಬಾತ. ಬಿಪಿ, ಸಕ್ಕರೆ, ಬೀಡಿ ಯಾವುದೂ ಇಲ್ಲ. ಮೊದಲ ಸಲ ಲಕ್ವ, ಹೊರಪದರದಲ್ಲಿ ಹಾನಿ. ಅವನಿಗೆ 9 ಅಂಕ. ಪೆನ್ನಾಗರಂ ಕಡೆಯ 58ರ ರೈತರೊಬ್ಬರು. ಬಿಪಿ, ಸಕ್ಕರೆ, ಬೀಡಿ ಮೂರೂ ಇವೆ. ಮೊದಲ ಸಲದ ಲಕ್ವ, ಹೊರಪದರ ಸರಿಯಾಗಿದೆ. ಅವರಿಗೆ 3. ಇಬ್ಬರ ಎಕೋದಲ್ಲೂ ಒಂದೇ ಕಿಂಡಿ! ಆದರೆ ಮೊದಲನೆಯವನಲ್ಲಿ ಕಿಂಡಿಯೇ ಕಾರಣವಾಗಿರುವ ಸಂಭವ ಶೇ 88ರ ಹತ್ತಿರ, ಎರಡನೆಯವರಲ್ಲಿ ಹೆಚ್ಚುಕಡಿಮೆ ಸೊನ್ನೆ.

4. 2017: ಯಾರಿಗೆ ಅನ್ನೋದು ಗೊತ್ತಾದ ಮೇಲೆ

2017ರ ಸೆಪ್ಟೆಂಬರಿನಲ್ಲಿ ಮೂರು ಅಧ್ಯಯನಗಳು ಒಟ್ಟಿಗೆ ಬಂದವು. ಫ್ರಾನ್ಸಿನ ನೇತೃತ್ವದ ಕ್ಲೋಸ್ ಅಧ್ಯಯನದವರು ದೊಡ್ಡ ಕಿಂಡಿ ಅಥವಾ ಜೋಲುವ ಪರದೆ ಇರುವವರನ್ನೇ ಆರಿಸಿಕೊಂಡಿದ್ದರು. ಐದು ವರ್ಷಕ್ಕಿಂತ ತುಸು ಹೆಚ್ಚಿನ ಅವಧಿಯಲ್ಲಿ ಮುಚ್ಚಿಸಿಕೊಂಡ 238 ಮಂದಿಯಲ್ಲಿ ಒಬ್ಬರಿಗೂ ಮತ್ತೆ ಲಕ್ವ ಆಗಲಿಲ್ಲ. ಆಸ್ಪಿರಿನ್ ತರಹದ ಔಷಧಿಯಲ್ಲೇ ಇದ್ದ 235 ಮಂದಿಯಲ್ಲಿ 14 ಜನರಿಗೆ ಆಯಿತು. ಉಳಿದೆರಡು ಅಧ್ಯಯನಗಳೂ ಮುಚ್ಚುವುದರ ಪರವಾಗಿಯೇ ಇದ್ದವು.

ನಷ್ಟವನ್ನೂ ಹೇಳಬೇಕು. ಮುಚ್ಚಿಸಿಕೊಂಡವರಲ್ಲಿ ಹೃದಯಬಡಿತದ ಏರುಪೇರು, ಅಂದರೆ ಏಟ್ರಿಯಲ್ ಫಿಬ್ರಿಲೇಶನ್, ಹೆಚ್ಚು ಕಂಡುಬಂತು: ಕ್ಲೋಸ್‌ನಲ್ಲಿ ಶೇ 4.6, ಔಷಧಿಯವರಲ್ಲಿ ಶೇ 0.9. ಹೆಚ್ಚಿನದು ಮೊದಲ ವಾರಗಳಲ್ಲೇ ಬರುವಂಥದ್ದು.

2021ರಲ್ಲಿ ಆರು ಅಧ್ಯಯನಗಳ 3,740 ಮಂದಿಯ ವಿವರ ಒಟ್ಟುಗೂಡಿಸಿ ನೋಡಿದರು. ವರ್ಷಕ್ಕೆ ಸಾವಿರ ಜನರಲ್ಲಿ, ಔಷಧಿಯಷ್ಟೇ ಇದ್ದರೆ ಸುಮಾರು 11 ಲಕ್ವ, ಮುಚ್ಚಿದರೆ ಸುಮಾರು 5. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ಲೆಕ್ಕದ ಇನ್ನೊಂದು ಸಾಲು. ಕಿಂಡಿಯೇ ಕಾರಣ ಎನ್ನುವುದು ಅಸಂಭವ ಎಂದು ಗುರುತಿಸಿದ ಗುಂಪಿನಲ್ಲಿ ಮುಚ್ಚಿದ್ದರಿಂದ ಲಾಭವೇ ಕಾಣಲಿಲ್ಲ. ಅಮೆರಿಕದ ಎಫ್‌ಡಿಎ 2016ರ ಅಕ್ಟೋಬರಿನಲ್ಲಿ ಆಂಪ್ಲಾಟ್ಜರ್‌ಗೆ ಒಪ್ಪಿಗೆ ಕೊಟ್ಟಾಗಲೂ ನರರೋಗ ತಜ್ಞರು, ಹೃದ್ರೋಗ ತಜ್ಞರು ಇಬ್ಬರೂ ನೋಡಿ ತೀರ್ಮಾನಿಸಬೇಕು ಎಂದೇ ಹೇಳಿತ್ತು. ಬಿರಡೆ ಹಾಕುವ ಕೈಗಿಂತ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುವ ತಲೆ ಬೇಕು ಅಂತ.

5. ನಮ್ಮ ಸೀಮೆಯಲ್ಲಿ ಪಟ್ಟಿ ಉದ್ದ

ಈಗ ಗಡಿಗೆ ಬರೋಣ. ಚಿಕ್ಕ ವಯಸ್ಸಿನ ಲಕ್ವಕ್ಕೆ ನಮ್ಮಲ್ಲಿ ತಳ್ಳಿಹಾಕಬೇಕಾದ ಕಾರಣಗಳು ಯೂರೋಪಿನ ಪಟ್ಟಿಗಿಂತ ಹೆಚ್ಚು. ಮೊದಲನೆಯದು ರುಮ್ಯಾಟಿಕ್ ಹೃದ್ರೋಗ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ಜ್ವರ ಹೃದಯದ ಕವಾಟವನ್ನು ಕಿರಿದಾಗಿಸುತ್ತೆ, ಎಡ ಹೃತ್ಕರ್ಣದಲ್ಲೇ ಹೆಪ್ಪು ಕಟ್ಟುತ್ತೆ. ಅಲ್ಲಿ ಬೇಕಾದ ಚಿಕಿತ್ಸೆ ತದ್ವಿರುದ್ಧ: ಬಲೂನಿನಿಂದ ಕವಾಟವನ್ನು ತೆರೆಯುವುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನ್ ಚಿಕಿತ್ಸೆಯನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿದೆ. ಒಬ್ಬರಿಗೆ ಬಾಗಿಲು ಮುಚ್ಚಬೇಕು, ಇನ್ನೊಬ್ಬರಿಗೆ ತೆರೆಯಬೇಕು. ಹೊರಗಿನಿಂದ ನೋಡಿದರೆ ಇಬ್ಬರಿಗೂ ಆಗಿರೋದು ಲಕ್ವವೇ.

ಎರಡನೆಯದು ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿಗಳಲ್ಲಿ ಕಟ್ಟುವ ಹೆಪ್ಪು. ನಿಮ್ಹಾನ್ಸ್‌ನವರು ದಶಕಗಳಿಂದ ಇದರ ಅಧ್ಯಯನ ಮಾಡಿದ್ದಾರೆ. ಬಾಣಂತಿಗೆ ನೀರು ಕೊಡಬಾರದು ಎಂಬ ನಮ್ಮ ಹಳೇ ಪದ್ಧತಿಯಿಂದ ಮೈಯಲ್ಲಿ ನೀರು ಬತ್ತುವುದು ಈ ಅಪಾಯವನ್ನು ಹೆಚ್ಚಿಸಬಲ್ಲದು. ಮಿದುಳಿಗೆ ತಗಲುವ ಕ್ಷಯವೂ ಪಟ್ಟಿಯಲ್ಲಿದೆ.

ಈ ಸೀಮೆಯ ಜನ ಇದಕ್ಕೆಲ್ಲ ಎಲ್ಲಿಗೆ ಹೋಗುತ್ತಿದ್ದರು ಅನ್ನೋದೂ ಒಂದು ಚರಿತ್ರೆ. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗ. ವೆಲ್ಲೂರಿನ ಸಿಎಂಸಿಯಲ್ಲಿ 1949ರಲ್ಲಿ ಜೇಕಬ್ ಚಾಂಡಿ ನರವಿಭಾಗ ಶುರುಮಾಡಿದರು, 1961ರಲ್ಲಿ ಅಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ಬೆಂಗಳೂರಿನಲ್ಲಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಸೇಲಂ, ಧರ್ಮಪುರಿಗಳಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೊಗೆನಕಲ್ಲಿನಿಂದ ಧರ್ಮಪುರಿಗೆ ಸುಮಾರು 45 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ ಮತ್ತೆ ನೂರಮೂವತ್ತರ ಹತ್ತಿರ.

ಗುಳ್ಳೆ ಪರೀಕ್ಷೆಗೆ ಬೇಕಾದ್ದು ಎರಡು ಸಿರಿಂಜ್ ಮತ್ತು ಒಂದು ಎಕೋ ಯಂತ್ರ. ಅಂದರೆ ಕಿಂಡಿ ಇದೆಯಾ ಅನ್ನೋದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತೆ. ಅದೇ ಕಾರಣವಾ ಅನ್ನೋದಕ್ಕೆ ಎಂಆರ್‌ಐ, ಕತ್ತಿನ ರಕ್ತನಾಳದ ಪರೀಕ್ಷೆ, ದಿನಗಟ್ಟಲೆ ಹೃದಯಬಡಿತದ ದಾಖಲೆ, ಕೆಲವೊಮ್ಮೆ ಅನ್ನನಾಳದ ಮೂಲಕ ಎಕೋ, ಜೊತೆಗೆ ಇಬ್ಬರು ತಜ್ಞರು ಬೇಕು. ದೂರದ ಊರಿನವರಿಗೆ ಮೊದಲನೆಯದು ಸುಲಭವಾಗಿ, ಎರಡನೆಯದು ಕಷ್ಟವಾಗಿ ಸಿಗುತ್ತೆ. ಅಪಾಯ ಇರುವುದು ಈ ಅಂತರದಲ್ಲೇ. ಬೇಡದವರಿಗೆ ಬಿರಡೆ ಬೀಳಬಹುದು, ಬೇಕಾದವರು ಆಸ್ಪಿರಿನ್ ಚೀಟಿ ಹಿಡಿದು ಮನೆಗೆ ಹೋಗಬಹುದು. 1877ರಿಂದ ಕಲಿತದ್ದೆಲ್ಲ ಈ ಎರಡು ತಪ್ಪುಗಳನ್ನು ಕಡಿಮೆ ಮಾಡುವುದಕ್ಕೇ.

ಸಂವಾದದಿಂದ

*ಪ್ರಶ್ನೆ: ಬೇರೆ ಯಾವುದಕ್ಕೋ ಎಕೋ ಮಾಡಿದಾಗ ಸಣ್ಣ ಪಿಎಫ್‌ಒ ಇದೆ ಅಂತ ಬರೆದಿದ್ದಾರೆ ಸರ್. ಲಕ್ವ ಆಗಿಲ್ಲ. ಮುಚ್ಚಿಸಬೇಕಾ?*

ನಾನು ಹೇಳಿದ ಅಧ್ಯಯನಗಳೆಲ್ಲ ಒಮ್ಮೆ ಲಕ್ವದಂಥ ಘಟನೆ ಆದವರ ಮೇಲೆ ನಡೆದಂಥವು. ಏನೂ ಆಗದವರಿಗೆ ಮುನ್ನೆಚ್ಚರಿಕೆ ಅಂತ ಮುಚ್ಚುವ ಪದ್ಧತಿ ಇಲ್ಲ. ನಾಲ್ವರಲ್ಲೊಬ್ಬರಿಗೆ ಇರುವುದು ನಿಮಗೂ ಇದೆ ಅಷ್ಟೆ. ನಿಮ್ಮ ವೈದ್ಯರ ಹತ್ತಿರ ಒಮ್ಮೆ ಮಾತಾಡಿ, ಗಾಬರಿ ಬೇಡ.

*ಪ್ರಶ್ನೆ: ನಮ್ಮ ಕಡೆ ಲಕ್ವ ಹೊಡೆದರೆ ಮೊದಲು ಎಣ್ಣೆ, ನಾಟಿ ಔಷಧಿ ಅಂತ ಓಡ್ತಾರೆ. ಈ ಬಿರಡೆಗೂ ಹಾಗೇ ಓಡಬೇಕಾ?*

ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಿ. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಆಗ ಓಡಲೇಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. ಕಿಂಡಿ ಮುಚ್ಚುವುದಕ್ಕೆ ಆ ಅವಸರ ಇಲ್ಲ. ಪರೀಕ್ಷೆಗಳೆಲ್ಲ ಮುಗಿಯುವ ತನಕ ಔಷಧಿಯ ಮೇಲೆ ಇರಬಹುದು. ಯಾವ ರಾಜ್ಯದ ಆರೋಗ್ಯ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತೆ ಅಂತ ವಿಚಾರಿಸೋದಕ್ಕೂ ಆ ಸಮಯ ಬಳಸಿಕೊಳ್ಳಿ.

*ಪ್ರಶ್ನೆ: ಹಾಗಾದರೆ ಆ 58ರ ರೈತರಿಗೆ ಏನು ದಾರಿ?*

ಒಳ್ಳೇ ಪ್ರಶ್ನೆ, ಯಾಕಂದರೆ ಅವರಂಥವರೇ ಹೆಚ್ಚು. ಬಿಪಿ, ಸಕ್ಕರೆಯ ಮಾತ್ರೆ ತಪ್ಪಿಸದಿರುವುದು, ಬೀಡಿ ಬಿಡುವುದು, ವೈದ್ಯರು ಬರೆದ ರಕ್ತ ತೆಳುವಾಗಿಸುವ ಮಾತ್ರೆ. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಪಕ್ಕದ ಕೃಷ್ಣಗಿರಿ ಜಿಲ್ಲೆಯ ಹಳ್ಳಿಯಿಂದಲೇ ಮನೆಬಾಗಿಲಿಗೆ ಬಿಪಿ, ಸಕ್ಕರೆ ಮಾತ್ರೆ ಮುಟ್ಟಿಸುವ ಯೋಜನೆ ಶುರುಮಾಡಿತು. ಅವರ ಎಕೋದಲ್ಲಿ ಕಿಂಡಿ ಕಂಡರೂ ಅವರ ಮುಂದಿನ ಲಕ್ವವನ್ನು ತಡೆಯೋದು ಆ ಮಾತ್ರೆಯ ಪೊಟ್ಟಣವೇ. ಹರಿಗೋಲಿನವನಿಗೆ ಬಿರಡೆ, ರೈತರಿಗೆ ಮಾತ್ರೆ. ಇಬ್ಬರನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲ ಆಸ್ಪತ್ರೆ ಹತ್ತಿರದಲ್ಲೇ ಇರಬೇಕು ಅಂತ ನಾವು ಕೇಳಬೇಕಾಗಿದೆ.