ಮಾಜಿ ಸೈನಿಕರ ಡಿಸೆಬಿಲಿಟಿ ಪೆನ್ಷನ್: ಅರ್ಜಿ ಎಲ್ಲಿ ನಿಲ್ಲುತ್ತೆ? ಏನು ಮಾಡಬೇಕು?

ಬೈಲಹೊಂಗಲ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕಿನ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರು ಅನೇಕರಿದ್ದಾರೆ. ಕೆಲಸದಲ್ಲಿದ್ದಾಗ ಮೊಣಕಾಲು, ಬೆನ್ನು, ಕಿವಿ ಕೆಟ್ಟವರಿಗೆ, ಬಿಪಿ ಅಂಟಿಕೊಂಡವರಿಗೆ ಸಾಮಾನ್ಯ ಪಿಂಚಣಿ ಜೊತೆ ಅಂಗವೈಕಲ್ಯದ ಹಣವೂ ಸಿಗಬಹುದು. ಆದರೆ ಒಂದು ತಿರಸ್ಕಾರ ಪತ್ರ ಬಂದ ಕೂಡಲೇ "ಮುಗೀತು" ಅಂತ ಕಾಗದ ಮಡಚಿ ಪೆಟ್ಟಿಗೆಗೆ ಹಾಕುವವರೂ ಇದ್ದಾರೆ. ಅಲ್ಲಿಗೆ ಮುಗಿಯುವುದಿಲ್ಲ.

ಯಾರಿಗೆ ಸಿಗುತ್ತೆ?

ಎರಡು ಷರತ್ತು ಮುಖ್ಯ. ಒಂದು, ಕಾಯಿಲೆ ಅಥವಾ ಗಾಯ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಎರಡು, ಅದರ ಪ್ರಮಾಣ ಶೇ. 20 ಅಥವಾ ಹೆಚ್ಚು ಇರಬೇಕು. ಇದನ್ನು ಬರೆಯುವುದು ಬಿಡುಗಡೆ ವೇಳೆ ಕೂಡುವ ಮೆಡಿಕಲ್ ಬೋರ್ಡ್. ಹೆಚ್ಚಿನ ಅರ್ಜಿಗಳು ಬೀಳುವುದು ಮೊದಲ ಷರತ್ತಿನಲ್ಲೇ: "ಸೇವೆಗೂ ಇದಕ್ಕೂ ಸಂಬಂಧವಿಲ್ಲ" ಎಂಬ ಒಂದೇ ಸಾಲು.

ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿದ್ದು ಇಲ್ಲಿ ನೆನಪಿರಲಿ. ಭರ್ತಿ ವೇಳೆ ಕಾಯಿಲೆ ದಾಖಲಾಗಿಲ್ಲ ಅಂದ್ರೆ ಆತ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಸಂಬಂಧವಿಲ್ಲ ಎನ್ನುವ ಬೋರ್ಡ್ ಅದಕ್ಕೆ ಕಾರಣ ಬರೆಯಬೇಕು.

ಹಣದ ಲೆಕ್ಕ

ಶೇ. 100 ವೈಕಲ್ಯಕ್ಕೆ ಕೊನೆಯ ವೇತನದ ಶೇ. 30. ಕೊನೆಯ ವೇತನ 30,000 ರೂ. ಇದ್ದರೆ 9,000 ರೂ. ಶೇ. 20 ವೈಕಲ್ಯಕ್ಕೆ 1,800 ರೂ. ಆದರೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು ಶೇ. 50 ಎಂದು ಪರಿಗಣಿಸುವ 'ಬ್ರಾಡ್ ಬ್ಯಾಂಡಿಂಗ್' ಸಿಕ್ಕರೆ ಅದೇ 4,500 ರೂ. ಆಗುತ್ತೆ. ಅವಧಿ ಮುಗಿಸಿ ಬಂದವರಿಗೂ ಇದು ಸಲ್ಲುತ್ತದೆ ಎಂದು ರಾಮ್ ಅವತಾರ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಹೇಳಿದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿವೆ. ಆ ನಂತರ ಬಿಡುಗಡೆಯಾದವರು ತಮಗೆ ಯಾವ ನಿಯಮ ಅನ್ವಯ ಅಂತ ಮೊದಲು ಕೇಳಿಕೊಳ್ಳಬೇಕು.

ತಿರಸ್ಕಾರ ಬಂದರೆ

1. ಪತ್ರ ಕೈಗೆ ಬಂದ ದಿನಾಂಕ ಬರೆದಿಡಿ. ಮೊದಲ ಮೇಲ್ಮನವಿಗೆ ಸಾಮಾನ್ಯವಾಗಿ 6 ತಿಂಗಳ ಗಡುವು.
2. ಮೆಡಿಕಲ್ ಬೋರ್ಡ್ ವರದಿ (ಎಎಫ್‌ಎಂಎಸ್‌ಎಫ್-16) ಪ್ರತಿ ಕೇಳಿ. ರೆಕಾರ್ಡ್ಸ್ ಆಫೀಸ್ ಕೊಡದಿದ್ದರೆ 10 ರೂ. ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.
3. ಮೊದಲ ಮೇಲ್ಮನವಿ ಬಿದ್ದರೆ ಎರಡನೆಯದು ಇದೆ. ಅದೂ ಬಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ.
4. ತಡ ಮಾಡಬೇಡಿ. ಎಷ್ಟೋ ವರ್ಷದ ನಂತರ ಹೋದವರಿಗೆ ಹಿಂದಿನ 3 ವರ್ಷದ ಬಾಕಿ ಮಾತ್ರ ಸಿಕ್ಕಿದ್ದೂ ಇದೆ.

ಎಲ್ಲಿ ಹೋಗಬೇಕು?

ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ರೆಕಾರ್ಡ್ಸ್ ಆಫೀಸ್ ಬೆಳಗಾವಿಯಲ್ಲೇ ಇದೆ. ತೋಪಖಾನೆಯವರದ್ದು ನಾಶಿಕ್‌ನಲ್ಲಿ, ಮದ್ರಾಸ್ ಸ್ಯಾಪರ್ಸ್‌ನವರದ್ದು ಬೆಂಗಳೂರಿನಲ್ಲಿ. ಅರ್ಜಿ ಬರೆಯಲು ನೆರವು ಬೇಕಾದರೆ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿ ಇದೆ.

ಅಂಗಡಿಯವರೇ ಗಮನಿಸಿ

ಪಿಂಚಣಿ ಈಗ 'ಸ್ಪರ್ಶ್' ಪೋರ್ಟಲ್‌ನಲ್ಲಿದೆ. ಸಿಎಸ್‌ಸಿ ಕೇಂದ್ರಗಳಲ್ಲೂ ಇದರ ಸೇವೆ ಇದೆ. ನಮ್ಮ ಕಡೆ ದೊಡ್ಡ ತೊಡಕು ಹೆಸರಿನದ್ದು: ಡಿಸ್ಚಾರ್ಜ್ ಬುಕ್‌ನಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ತಂದೆ ಹೆಸರು, ಅಡ್ಡಹೆಸರು ಹಿಂದ್-ಮುಂದ್. ಅರ್ಜಿ ಕಳಿಸುವ ಮೊದಲು ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಪಿಂಚಣಿದಾರರು ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬಾರದು.

ಏನು ಸುಧಾರಿಸಬೇಕು?

ರಾಮದುರ್ಗದ ವಯಸ್ಸಾದ ಮಾಜಿ ಸೈನಿಕ ಒಂದು ಸಹಿಗಾಗಿ ಬೆಳಗಾವಿಗೆ ಹೋಗಿಬಂದರೆ ಒಂದು ದಿನವೇ ಹೋಗುತ್ತದೆ. ತಿಂಗಳಿಗೊಮ್ಮೆ ತಾಲೂಕು ಕೇಂದ್ರದಲ್ಲೇ ಕಾಗದ ನೋಡುವ ವ್ಯವಸ್ಥೆ, ತಿರಸ್ಕಾರ ಪತ್ರದ ಜೊತೆಗೇ ಮೆಡಿಕಲ್ ಬೋರ್ಡ್ ವರದಿ, ಗಡುವಿನ ಮಾಹಿತಿ ಕನ್ನಡದಲ್ಲಿ. ಇವಿಷ್ಟಾದರೆ ಅರ್ಧ ಅಲೆದಾಟ ತಪ್ಪುತ್ತೆ. ಅಲ್ಲಿವರೆಗೆ ಪೆಟ್ಟಿಗೆಯಲ್ಲಿರುವ ಹಳೇ ಪತ್ರ ಇವತ್ತೇ ತೆಗೆದು ದಿನಾಂಕ ನೋಡಿ.